ಎಡಬಿಡಂಗಿ ಹೈಬ್ರಿಡ್ಡು

ಇಲ್ಲಿ ಬರೆಯದೆ ತುಂಬಾ ದಿನ ಆಗಿತ್ತು. ಇವತ್ತು ಕೋಪ ಬಂದಿದೆ, ಅದಕ್ಕೇ ಬರೀತಿದ್ದೇನೆ. ಕೋಪದಲ್ಲಿ ಬರೆದದ್ದನ್ನು ಬೆಳಗ್ಗೆ ಎದ್ದು ಓದಿದರೆ ನಾಚಿಕೆ ಆಗುತ್ತೆ ಅಂತ ಗೊತ್ತು. ಇರಲಿ.

ವಿಷಯ ಆಫೀಸಿನದ್ದು. ಸಾಫ್ಟ್‌ವೇರ್ ಅಂದ ಕೂಡಲೇ ಪಕ್ಕದ ಬ್ಲಾಗಿಗೆ ಹಾರಬೇಡಿ ಮಾರಾಯ್ರೆ. ಕನ್ನಡದಲ್ಲಿ ಬ್ಲಾಗು ಬರೆಯೋರಲ್ಲಿ ಎಷ್ಟು ಜನ ಇದೇ ಗಾಣದ ಎತ್ತುಗಳು ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಹಗಲೆಲ್ಲ ಜಿರಾದಲ್ಲಿ ಟಿಕೆಟ್ ಎಳೆದು, ರಾತ್ರಿ ಕೂತು ಮಲೆನಾಡಿನ ಮಳೆ ಬಗ್ಗೆ ಬರೀತೇವೆ. ಇವತ್ತೊಂದು ದಿನ ಮಳೆ ಬೇಡ, ಟಿಕೆಟ್ಟಿನ ಬಗ್ಗೆಯೇ ಮಾತಾಡೋಣ.

ಮೊನ್ನೆ ಹೊಸ ಪ್ರಾಜೆಕ್ಟಿನ ಮೊದಲ ಮೀಟಿಂಗು. ಪರದೆ ಮೇಲೆ ಒಂದು ಸ್ಲೈಡು. ಎಡಗಡೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯೋ ನೀಲಿ ಡಬ್ಬಿಗಳು, ಅದು ವಾಟರ್‌ಫಾಲ್. ಬಲಗಡೆ ಸುತ್ತುತ್ತಿರೋ ಹಸಿರು ಚಕ್ರಗಳು, ಅದು ಅಜೈಲ್. ನಡುವೆ ಒಂದು ದೊಡ್ಡ ಕೂಡಿಸುವ ಚಿಹ್ನೆ. ಕೆಳಗೆ, 'ನಮ್ಮ ಹೈಬ್ರಿಡ್ ವಿಧಾನ: ಎರಡರಲ್ಲೂ ಇರುವ ಒಳ್ಳೆಯದು' ಅನ್ನೋ ಸಾಲು. ಕೋಣೆಯಲ್ಲಿದ್ದ ಅಷ್ಟೂ ಜನ ತಲೆ ಆಡಿಸಿದೆವು. ನಾನೂ ಆಡಿಸಿದೆ. ಕೋಪ ಬಂದಿರೋದು ಹೆಚ್ಚಾಗಿ ಅದಕ್ಕೇ. ಯಾಕಂದ್ರೆ ಇದೇ ಸ್ಲೈಡನ್ನು ನಾನು ಹಿಂದೆ ಒಂದು ಸಲ ನೋಡಿದ್ದೇನೆ, ಅದರ ಕೊನೆ ಏನಾಯ್ತು ಅಂತಲೂ ನೋಡಿದ್ದೇನೆ.

ಈ ಗಾಣಕ್ಕೆ ಕಟ್ಟಿಸಿಕೊಳ್ಳದ ಪುಣ್ಯವಂತರಿಗೆ ಎರಡು ಮಾತು. ವಾಟರ್‌ಫಾಲ್ ಅಂದ್ರೆ ಮೊದಲು ಏನು ಬೇಕು ಅಂತ ಪೂರ್ತಿ ಬರೆದು ಸಹಿ ಹಾಕಿಸಿಕೊಳ್ಳೋದು, ಆಮೇಲೆ ವಿನ್ಯಾಸ, ಆಮೇಲೆ ಕೋಡು, ಆಮೇಲೆ ಟೆಸ್ಟಿಂಗು. ನೀರಿನ ಹಾಗೆ ಕೆಳಕ್ಕೇ ಹರಿಯಬೇಕು, ಮೇಲಕ್ಕೆ ಹತ್ತೋ ಹಾಗಿಲ್ಲ. ಅಜೈಲ್ ಅಂದ್ರೆ ಎರಡು ವಾರಕ್ಕೋ ಮೂರು ವಾರಕ್ಕೋ ಒಂದೊಂದು ಚೂರು ಮಾಡಿ, ಬಳಸುವವರಿಗೆ ತೋರಿಸಿ, ಅವರು ಹೇಳಿದ್ದು ಕೇಳಿ, ಮುಂದಿನ ಚೂರು ತೀರ್ಮಾನಿಸೋದು. ಆ ಎರಡು ವಾರಕ್ಕೆ ಸ್ಪ್ರಿಂಟ್ ಅಂತ ಹೆಸರು. ಓಡೋದು ಅಂತ ಅರ್ಥ, ಸುಸ್ತಾಗೋದು ಅಂತ ಅನುಭವ :-)

ಬೆರೆಸೋದೇ ತಪ್ಪು ಅಂತ ನನ್ನ ವಾದ ಅಲ್ಲ, ಇದನ್ನು ಮೊದಲೇ ಹೇಳಿಬಿಡ್ತೀನಿ. 'ಅಜೈಲ್ ಅಂದ್ರೆ ಅಜೈಲ್, ಚೂರು ವಾಟರ್‌ಫಾಲ್ ಬಿದ್ದರೂ ಮೈಲಿಗೆ' ಅನ್ನೋ ಮಡಿವಂತರೂ ಇದ್ದಾರೆ. ಎರಡು ದಿನದ ತರಬೇತಿ ಮುಗಿಸಿ ಸರ್ಟಿಫಿಕೇಟು ಹಿಡಿದು ಬಂದವರಲ್ಲಿ ಈ ಮಡಿ ಜಾಸ್ತಿ. ಅವರ ಜತೆ ನನ್ನದು ಬೇರೆ ಜಗಳ.

ನಮ್ಮ ಹಿರಿಯರು ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಎರಡೂ ಬೆರಕೆ ಪ್ರಾಜೆಕ್ಟುಗಳೇ. ಮದುವೇಲಿ ಮುಹೂರ್ತ ನಿಂತಿರುತ್ತೆ, ಛತ್ರ ತಿಂಗಳುಗಟ್ಟಲೆ ಮೊದಲೇ ಗೊತ್ತು ಮಾಡಿರ್ತೀರಿ. ಅಲ್ಲಿ ಚರ್ಚೆ ಇಲ್ಲ. ಆದ್ರೆ ಅಡುಗೆ ಭಟ್ಟರು ಮೊದಲ ಪಂಕ್ತಿ ನೋಡ್ಕೊಂಡು ಎರಡನೇ ಪಂಕ್ತಿಗೆ ಎಷ್ಟು ಅಕ್ಕಿ ಹಾಕಬೇಕು ಅಂತ ತೀರ್ಮಾನಿಸ್ತಾರೆ. ಮನೆ ಕಟ್ಟೋ ಮೇಸ್ತ್ರಿಯನ್ನು ನೋಡಿ. ಮೋಲ್ಡ್ ಹಾಕೋಕೆ ಮುಂಚೆ ಕರೆಂಟಿನ ಪೈಪು ಎಲ್ಲೆಲ್ಲಿ ಹೋಗಬೇಕು ಅಂತ ಬಿಡದೆ ಕೇಳ್ತಾನೆ, 'ಸಾರ್ ಈಗ ಹೇಳಿಬಿಡಿ, ಆಮೇಲೆ ಒಡೀಬೇಕಾಗುತ್ತೆ' ಅಂತ. ಗೋಡೆ ಬಣ್ಣದ ಬಗ್ಗೆ ಅವನು ತಲೆ ಕೆಡಿಸಿಕೊಳ್ಳೋದೇ ಇಲ್ಲ. ಅದು ಕೊನೇ ವಾರ ನೋಡಿದ್ರಾಯ್ತು, ಎರಡು ಸಲ ಬದಲಾಯಿಸಿದ್ರೂ ಆಯ್ತು. ಯಾವುದನ್ನು ಆಮೇಲೆ ಬದಲಾಯಿಸಿದ್ರೆ ಒಡೀಬೇಕಾಗುತ್ತೋ ಅದನ್ನು ಮೊದಲು ಗಟ್ಟಿ ಮಾಡ್ಕೋ, ಉಳಿದದ್ದನ್ನು ಸಡಿಲ ಬಿಡು. ಬೆರಕೆಯ ಶಾಸ್ತ್ರ ಇಷ್ಟೇ. ಬ್ಯಾರಿ ಬೋಮ್ ಮತ್ತು ರಿಚರ್ಡ್ ಟರ್ನರ್ ಅನ್ನೋರು 2003ರಲ್ಲಿ ಅಜೈಲ್ ಮತ್ತು ಶಿಸ್ತು ಎರಡನ್ನೂ ತೂಗಿಸೋದರ ಬಗ್ಗೆ ಒಂದು ಇಡೀ ಪುಸ್ತಕ ಬರೆದರು. ಅಪಾಯ ಎಲ್ಲಿದೆ ನೋಡಿ ಅಳತೆ ಮಾಡಿ ಬೆರೆಸಿ ಅಂತಲೇ ಅದರ ವಾದ.

ಇನ್ನು ಈ ಎರಡು ಪಂಗಡಗಳ ಮೂಲಪುರುಷರನ್ನೇ ನೋಡಿದರೆ ಅವರಿಗೆ ಇಷ್ಟು ಮಡಿ ಇರಲಿಲ್ಲ. ವಾಟರ್‌ಫಾಲಿನ ಪಿತಾಮಹ ಅಂತ ಎಲ್ಲರೂ ವಿನ್‌ಸ್ಟನ್ ರಾಯ್ಸ್ ಹೆಸರು ಹೇಳ್ತಾರೆ. ಬಾಹ್ಯಾಕಾಶ ನೌಕೆಗಳ ಸಾಫ್ಟ್‌ವೇರ್ ಮಾಡಿದ್ದ ಮನುಷ್ಯ. 1970ರಲ್ಲಿ ಅವರು ಬರೆದ ಪ್ರಬಂಧದಲ್ಲಿ ಆ ಮೆಟ್ಟಿಲಿನ ಚಿತ್ರ ಇರೋದು ನಿಜ. ಆದ್ರೆ ಚಿತ್ರ ಬರೆದ ಮೇಲೆ ಅವರು ಹೇಳೋದು, ಇದನ್ನು ಹೀಗೇ ಮಾಡಿದ್ರೆ ಅಪಾಯ, ಕೆಡೋದೇ ಹೆಚ್ಚು ಅಂತ! ಟೆಸ್ಟಿಂಗು ಕೊನೆಗೆ ಬರೋದರಿಂದ ತಪ್ಪು ಗೊತ್ತಾಗೋ ಹೊತ್ತಿಗೆ ತಡ ಆಗಿರುತ್ತೆ ಅನ್ನೋದು ಅವರ ಚಿಂತೆ. ಅದಕ್ಕೆ ಅವರು ಕೊಟ್ಟ ಮದ್ದುಗಳಲ್ಲಿ ಒಂದು, ಎರಡು ಸಲ ಮಾಡಿ ಅನ್ನೋದು. ಮೂವತ್ತು ತಿಂಗಳ ಕೆಲಸವಾದ್ರೆ ಹತ್ತು ತಿಂಗಳಲ್ಲಿ ಒಂದು ಸಣ್ಣ ಮಾದರಿ ಕಟ್ಟಿ ಕಲಿತುಕೊಳ್ಳಿ ಅಂತ. 'ವಾಟರ್‌ಫಾಲ್' ಅನ್ನೋ ಪದವೇ ಆ ಪ್ರಬಂಧದಲ್ಲಿ ಇಲ್ಲ. ಜನ ಚಿತ್ರ ನೋಡಿದರು, ಪುಟ ತಿರುಗಿಸಲಿಲ್ಲ. ನಮ್ಮ ಸ್ಲೈಡುಗಳ ಇತಿಹಾಸ ಅಲ್ಲಿಂದಲೇ ಶುರು ಅಂತ ಕಾಣುತ್ತೆ.

ಆ ಕಡೆ ಅಜೈಲ್ ಪ್ರಣಾಳಿಕೆ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದ ಸ್ನೋಬರ್ಡ್ ಅನ್ನೋ ಜಾಗದಲ್ಲಿ ಹದಿನೇಳು ಜನ ಕೂತು ಬರೆದದ್ದು. ಯೋಜನೆ ಬೇಡ, ದಾಖಲೆ ಬೇಡ, ಒಪ್ಪಂದ ಬೇಡ ಅಂತ ಅವರು ಎಲ್ಲೂ ಹೇಳಿಲ್ಲ. ಅವಕ್ಕೂ ಬೆಲೆ ಇದೆ, ಆದ್ರೆ ಇವಕ್ಕೆ ಇನ್ನೂ ಹೆಚ್ಚು ಬೆಲೆ ಅಂದರು, ಅಷ್ಟೇ.

ಹಾಗಾದ್ರೆ ಆಫೀಸಿನ ಸ್ಲೈಡಿನ ಮೇಲೆ ಯಾಕೆ ಕೋಪ? ಹಳೇ ಪ್ರಾಜೆಕ್ಟಿನ ಕಥೆ ಹೇಳ್ತೀನಿ, ನಿಮಗೇ ಗೊತ್ತಾಗುತ್ತೆ.

ಕಂಪನಿ ಹೆಸರು ಬೇಡ, ಕ್ಲೈಂಟ್ ಹೆಸರೂ ಬೇಡ. ಹೊರದೇಶದ ಒಂದು ವಿಮಾ ಸಂಸ್ಥೆ. ಹನ್ನೊಂದು ತಿಂಗಳ ಕೆಲಸ. ದರ ನಿಗದಿ, ದಿನಾಂಕ ನಿಗದಿ, ಮುನ್ನೂರು ಚಿಲ್ಲರೆ ಪುಟದ ಬೇಡಿಕೆ ಪಟ್ಟಿಗೆ ಎರಡೂ ಕಡೆಯವರ ಸಹಿ. ತಡ ಆದ್ರೆ ದಂಡ. ಇಷ್ಟೆಲ್ಲ ಆದ ಮೇಲೆ, 'ಕೆಲಸ ಮಾತ್ರ ಅಜೈಲ್ ಆಗಿ ಮಾಡೋಣ' ಅಂದರು. ನಾನು ಆಗ ಟೀಮ್ ಲೀಡು. ಇದ್ದ ಗ್ಯಾಂಟ್ ಚಾರ್ಟನ್ನು ಎರಡೆರಡು ವಾರಕ್ಕೆ ಕತ್ತರಿಸಿ, ಒಂದೊಂದು ತುಂಡಿಗೂ ಸ್ಪ್ರಿಂಟ್ ಒಂದು, ಸ್ಪ್ರಿಂಟ್ ಎರಡು ಅಂತ ಹೆಸರಿಟ್ಟು, ಇಪ್ಪತ್ತೆರಡನೇ ಸ್ಪ್ರಿಂಟ್ ತನಕ ಯಾರು ಏನು ಮಾಡಬೇಕು ಅಂತ ಮೊದಲ ದಿನವೇ ತುಂಬಿಸಿ ಕೊಟ್ಟವನು ನಾನೇ. ಇದನ್ನು ಯಾರ ತಲೆಗೂ ಕಟ್ಟೋ ಹಾಗಿಲ್ಲ.

ದಿನಾ ಬೆಳಗ್ಗೆ ಹತ್ತಕ್ಕೆ ನಿಂತು ಮೀಟಿಂಗು. ಹದಿನೈದು ನಿಮಿಷ ಅಂತ ಪುಸ್ತಕದಲ್ಲಿದೆ, ನಮ್ಮದು ನಲವತ್ತು ನಿಮಿಷ. 'ನಿನ್ನೆ ಏನು ಮಾಡಿದೆ, ಯಾಕೆ ಮುಗೀಲಿಲ್ಲ' ಅನ್ನೋ ಹಾಜರಾತಿ. ಸ್ಟೋರಿ ಪಾಯಿಂಟು ಅನ್ನೋದು ಕೆಲಸದ ಗಾತ್ರದ ಅಂದಾಜು ಮಾತ್ರ, ಅದಕ್ಕೂ ಗಂಟೆಗೂ ಸಂಬಂಧ ಇಲ್ಲ. ನಾವು ಒಂದು ಪಾಯಿಂಟಿಗೆ ಎಂಟು ಗಂಟೆ ಅಂತ ಲೆಕ್ಕ ಹಾಕಿ ಟೈಮ್‌ಶೀಟಿಗೆ ಜೋಡಿಸಿದೆವು. ಎರಡು ವಾರಕ್ಕೊಮ್ಮೆ ಡೆಮೊ. ನೋಡೋಕೆ ಬರ್ತಿದ್ದದ್ದು ಕ್ಲೈಂಟಿನ ಪ್ರಾಜೆಕ್ಟ್ ಮ್ಯಾನೇಜರು ಮತ್ತು ಅವರ ಮ್ಯಾನೇಜರು. ಇಬ್ಬರೂ ಆ ಸಾಫ್ಟ್‌ವೇರನ್ನು ಜೀವಮಾನದಲ್ಲಿ ಒಂದು ದಿನವೂ ಬಳಸೋರಲ್ಲ.

ಯಾರಾದ್ರೂ ಬದಲಾವಣೆ ಕೇಳಿದರು ಅನ್ನಿ. ಅದಕ್ಕೆ ಬೇರೆ ಸಮಿತಿ. ಅದು ಸೇರೋದು ತಿಂಗಳಿಗೊಮ್ಮೆ. ಅದಕ್ಕೆ ಒಂದು ವಾರ ಮೊದಲೇ ಎಷ್ಟು ದಿನ, ಎಷ್ಟು ದುಡ್ಡು ಅಂತ ಬರೆದು ಕಳಿಸಬೇಕು. ಇದನ್ನು ಸ್ವಲ್ಪ ಲೆಕ್ಕ ಹಾಕಿ. ನಾಲ್ಕನೇ ಸ್ಪ್ರಿಂಟಿನ ಡೆಮೊದಲ್ಲಿ ಒಂದು ತಪ್ಪು ಗೊತ್ತಾದ್ರೆ, ಸಮಿತಿ ಒಪ್ಪೋ ಹೊತ್ತಿಗೆ ಆರೋ ಏಳನೆಯದೋ ನಡೀತಿರುತ್ತೆ. ಅಷ್ಟರಲ್ಲಿ ಆ ತಪ್ಪಿನ ಮೇಲೆ ಮತ್ತೆ ಎರಡು ಮೂರು ಅಂತಸ್ತು ಕಟ್ಟಿ ಆಗಿದೆ. ಎರಡು ವಾರಕ್ಕೊಮ್ಮೆ ತೋರಿಸೋದರ ಉದ್ದೇಶವೇ ಎರಡು ವಾರದಲ್ಲಿ ತಿದ್ದಿಕೊಳ್ಳೋದು. ತಿದ್ದೋಕೆ ಎಂಟು ವಾರ ಅಂದ್ರೆ ಡೆಮೊ ಯಾಕೆ, ನಾಟಕ ಅನ್ನಿ.

ಹತ್ತನೇ ತಿಂಗಳಲ್ಲಿ ನಿಜವಾದ ಬಳಕೆದಾರರು, ಶಾಖೆಯ ಗುಮಾಸ್ತರು, ಮೊದಲ ಸಲ ಅದನ್ನು ಮುಟ್ಟಿದರು. ಮೊದಲ ದಿನ ಮಧ್ಯಾಹ್ನ ಊಟಕ್ಕೆ ಮುಂಚೆ ಒಬ್ಬಾಕೆ ಕೇಳಿದರು, ಒಂದು ಪಾಲಿಸಿಗೆ ಮೂವರು ವಾರಸುದಾರರಿದ್ದರೆ ಎರಡನೆಯವರ ಹೆಸರು ಎಲ್ಲಿ ಹಾಕಬೇಕು ಅಂತ. ಕೋಣೆ ತಣ್ಣಗಾಯ್ತು. ನಮ್ಮ ಡೇಟಾಬೇಸಿನಲ್ಲಿ ಒಂದು ಪಾಲಿಸಿಗೆ ಒಬ್ಬರೇ ವಾರಸುದಾರರು. ಆ ಮುನ್ನೂರು ಪುಟದಲ್ಲಿ ಆ ಪದ ಎಲ್ಲ ಕಡೆ ಏಕವಚನದಲ್ಲೇ ಇತ್ತು! ಬಹುವಚನದ ಒಂದು ಅಕ್ಷರಕ್ಕೆ ಟೇಬಲ್ಲುಗಳು, ಏಳು ಸ್ಕ್ರೀನು, ಜತೆಗೆ ಹಣ ಪಾವತಿ ಮಾಡೋ ಇನ್ನೊಂದು ಕಂಪನಿಯ ಸಿಸ್ಟಮ್ಮಿನ ಜತೆಗಿನ ಒಪ್ಪಂದ, ಎಲ್ಲ ಒಡೀಬೇಕಾಯ್ತು.

ಆಮೇಲೆ ಕೂತು ಯೋಚಿಸಿದಾಗ ನನಗೆ ಹೊಳೆದದ್ದು ಇದು. ಬಟನ್ನಿನ ಬಣ್ಣ, ಸ್ಕ್ರೀನಿನಲ್ಲಿ ಯಾವ ಕಾಲಂ ಮೊದಲು ಬರಬೇಕು ಅನ್ನೋದೆಲ್ಲ ಸಹಿ ಹಾಕಿದ ಪಟ್ಟಿಯಲ್ಲಿ ಗಟ್ಟಿಯಾಗಿ ಕೂತಿತ್ತು, ಬದಲಾಯಿಸಬೇಕಾದ್ರೆ ಸಮಿತಿ. ಡೇಟಾ ಹೇಗಿರಬೇಕು, ಇನ್ನೊಂದು ಸಿಸ್ಟಮ್ಮಿನ ಜತೆ ಹೇಗೆ ಮಾತಾಡಬೇಕು ಅನ್ನೋದನ್ನು ಮಾತ್ರ 'ಅಜೈಲ್ ಅಲ್ವಾ, ಸ್ಪ್ರಿಂಟ್ ಸ್ಪ್ರಿಂಟಿಗೆ ನೋಡ್ಕೊಳ್ಳೋಣ' ಅಂತ ಬಿಟ್ಟಿದ್ದೆವು. ಗೋಡೆ ಬಣ್ಣಕ್ಕೆ ಕರಾರು ಪತ್ರ ಮಾಡಿ, ಪೈಪು ಎಲ್ಲಿ ಅಂತ ಮೋಲ್ಡ್ ಹಾಕಿದ ಮೇಲೆ ಯೋಚಿಸಿದ ಹಾಗೆ! ಯಾವ ಮೇಸ್ತ್ರಿಯೂ ಮಾಡದ ಕೆಲಸ ಇಂಜಿನಿಯರಿಂಗ್ ಓದಿದ ಹದಿನಾಲ್ಕು ಜನ ಸೇರಿ ಮಾಡಿದೆವು.

ಕೊನೆಯ ಏಳು ವಾರ ಶನಿವಾರ ಭಾನುವಾರ ಇರಲಿಲ್ಲ. ಟೀಮಿನಲ್ಲಿ ಹಾಸನದ ಕಡೆಯ ಒಬ್ಬಳು ಹುಡುಗಿ ಇದ್ದಳು, ಆ ಡೇಟಾಬೇಸಿನ ಕೆಲಸ ಅವಳದ್ದು. ಮೂರನೇ ತಿಂಗಳಲ್ಲೇ ನನ್ನ ಹತ್ತಿರ ಬಂದು, 'ಸರ್, ವಾರಸುದಾರರು ಒಬ್ಬರೇನಾ, ಜಾಸ್ತಿ ಇರಬಹುದಾ, ಒಂದ್ಸಲ ಕೇಳೋಣ' ಅಂದಿದ್ದಳು. ಪಟ್ಟಿಯಲ್ಲಿ ಇರೋದು ಇಷ್ಟೇ, ಕೇಳಿದ್ರೆ ಸ್ಕೋಪ್ ಬೆಳೆಯುತ್ತೆ ಅಂತ ನಾನೇ ಬಾಯಿ ಮುಚ್ಚಿಸಿದ್ದೆ. ಆ ಏಳು ವಾರದಲ್ಲಿ ಅವಳ ಅಕ್ಕನ ನಿಶ್ಚಿತಾರ್ಥ ಇತ್ತು. ಹೋಗೋಕೆ ಆಗಲಿಲ್ಲ. ವಿಡಿಯೋ ಕಾಲಿನಲ್ಲಿ ನೋಡಿದಳು, ಪಕ್ಕದ ಕೋಣೆಯಲ್ಲಿ ನಿಂತು. ಪ್ರಾಜೆಕ್ಟ್ ಮುಗಿದ ಮೇಲೆ ಎಲ್ಲರಿಗೂ ಒಂದೊಂದು ಟೀ ಶರ್ಟ್ ಕೊಟ್ಟರು. ಅವಳು ಆ ತಿಂಗಳೇ ಕೆಲಸ ಬಿಟ್ಟಳು.

ಈಗ ಆ ಸ್ಲೈಡನ್ನು ಮತ್ತೆ ನೋಡಿ. 'ಎರಡರಲ್ಲೂ ಇರುವ ಒಳ್ಳೆಯದು.' ಯಾರಿಗೆ ಒಳ್ಳೆಯದು? ವಾಟರ್‌ಫಾಲಿನಿಂದ ದರ, ದಿನಾಂಕ, ಪಟ್ಟಿ ಮೂರೂ ನಿಗದಿ. ಅಜೈಲಿನಿಂದ ದಿನಾ ವರದಿ ಕೇಳೋ ಹಕ್ಕು. ಬಿಟ್ಟದ್ದೇನು? ವಾಟರ್‌ಫಾಲ್ ಒಂದು ವರ ಕೊಡುತ್ತಿತ್ತು, ಕೋಡು ಶುರು ಮಾಡೋಕೆ ಮುಂಚೆ ತಲೆ ಓಡಿಸೋ ಸಮಯ. ಅದು ಹೋಯ್ತು, ಮೊದಲ ವಾರದಿಂದಲೇ ಡೆಮೊ ಬೇಕಲ್ಲ. ಅಜೈಲ್ ಕೊಡುತ್ತಿದ್ದ ವರ, ಕಲಿತದ್ದಕ್ಕೆ ತಕ್ಕ ಹಾಗೆ ದಾರಿ ಬದಲಾಯಿಸೋ ಸ್ವಾತಂತ್ರ್ಯ. ಅದೂ ಹೋಯ್ತು, ಪಟ್ಟಿಗೆ ಸಹಿ ಬಿದ್ದಿದೆಯಲ್ಲ. ಎರಡು ಕಡೆಯ ಹಿಡಿತವನ್ನೂ ಇಟ್ಟುಕೊಂಡು ಎರಡು ಕಡೆಯ ಸಡಿಲವನ್ನೂ ತೆಗೆದರೆ ಉಳಿಯೋದು ಹೈಬ್ರಿಡ್ ಅಲ್ಲ, ಎಡಬಿಡಂಗಿ. ಫಾರೆಸ್ಟರ್ ಸಂಸ್ಥೆಯ ಡೇವ್ ವೆಸ್ಟ್ ಅನ್ನೋರು 2011ರಲ್ಲೇ ಇದಕ್ಕೆ 'ವಾಟರ್-ಸ್ಕ್ರಮ್-ಫಾಲ್' ಅಂತ ಹೆಸರಿಟ್ಟಿದ್ದರು. ಹಿಂದೆ ಮುಂದೆ ಜಲಪಾತ, ನಡುವೆ ಮಾತ್ರ ಸ್ಪ್ರಿಂಟು.

ಇದು ಬೆಂಗಳೂರಿನ ಸರ್ವಿಸ್ ಕಂಪನಿಗಳ ಗೋಳು ಮಾತ್ರ ಅಂದ್ಕೋಬೇಡಿ. ಬ್ರಿಟನ್ ಸರ್ಕಾರದ ಯೂನಿವರ್ಸಲ್ ಕ್ರೆಡಿಟ್ ಇದೆಯಲ್ಲ, ಆರು ಬಗೆಯ ಸರ್ಕಾರಿ ಸಹಾಯಧನಗಳನ್ನು ಒಂದೇ ಮಾಡೋ ಯೋಜನೆ, 2010ರಲ್ಲಿ ಪ್ರಕಟ ಆದದ್ದು. ಅದನ್ನು ಅಜೈಲ್ ಆಗಿ ಮಾಡ್ತೀವಿ ಅಂತ ಹೊರಟರು. 2017ಕ್ಕೆ ಎಲ್ಲ ಮುಗೀಬೇಕು ಅಂತ ಗುರಿ. 2013ರ ಸೆಪ್ಟೆಂಬರಿನಲ್ಲಿ ಅಲ್ಲಿನ ನ್ಯಾಷನಲ್ ಆಡಿಟ್ ಆಫೀಸ್ ವರದಿ ಬಂತು. ಇದ್ದ ಒಪ್ಪಂದಗಳಿಗೂ ಮೇಲ್ವಿಚಾರಣೆಯ ವ್ಯವಸ್ಥೆಗೂ ಅಜೈಲನ್ನು ಹೊಂದಿಸೋಕೆ ಇಲಾಖೆ ಒದ್ದಾಡಿತು ಅಂತ ಅದರಲ್ಲಿತ್ತು. ಅಷ್ಟೊತ್ತಿಗೆ 3.4 ಕೋಟಿ ಪೌಂಡಿನ ಸಾಫ್ಟ್‌ವೇರ್ ಕೆಲಸ ಕೈಬಿಟ್ಟು ಲೆಕ್ಕದಿಂದ ತೆಗೆದಾಗಿತ್ತು. ಆಮೇಲೆ ಬೇರೆ ತಂಡ ಕಟ್ಟಿ, 2014ರ ನವೆಂಬರಿನಲ್ಲಿ ಲಂಡನ್ನಿನ ಸಟನ್ ಅನ್ನೋ ಒಂದೇ ಬಡಾವಣೆಯಲ್ಲಿ ಸಣ್ಣದಾಗಿ ಹೊಸತನ್ನು ಪ್ರಯೋಗ ಮಾಡಿದರು. ಆ 2017 ಅನ್ನೋದು ಎಷ್ಟೋ ವರ್ಷ ಮುಂದಕ್ಕೆ ಹೋಯ್ತು. ಅವರ ಸಮಸ್ಯೆ ಕೋಡು ಬರೆಯೋರ ಹತ್ತಿರ ಶುರುವಾದದ್ದಲ್ಲ ಅನ್ನೋದನ್ನು ಗಮನಿಸಿ. ಒಪ್ಪಂದ ಮತ್ತು ಮೇಲ್ವಿಚಾರಣೆ ಒಂದು ಭಾಷೆ ಮಾತಾಡ್ತಿತ್ತು, ಕೆಲಸ ಇನ್ನೊಂದು.

ಇದಕ್ಕೆ ಎದುರು ಇನ್ನೊಂದು ಕಥೆ ಅಮೆರಿಕದ ಎಫ್‌ಬಿಐನದ್ದು. ಕೇಸ್ ಫೈಲುಗಳನ್ನು ಕಂಪ್ಯೂಟರಿಗೆ ತರೋ ಅವರ ಮೊದಲ ಪ್ರಯತ್ನ ಸುಮಾರು 17 ಕೋಟಿ ಡಾಲರ್ ನುಂಗಿ 2005ರಲ್ಲಿ ನಿಂತುಹೋಯ್ತು. 2006ರಲ್ಲಿ ಸೆಂಟಿನೆಲ್ ಅಂತ ಎರಡನೇ ಪ್ರಯತ್ನ, ಲಾಕ್‌ಹೀಡ್ ಮಾರ್ಟಿನ್‌ಗೆ ಗುತ್ತಿಗೆ, ನಾಲ್ಕು ಹಂತ. 2010ರ ಹೊತ್ತಿಗೆ 45.1 ಕೋಟಿ ಡಾಲರಿನ ಬಜೆಟ್ಟಿನಲ್ಲಿ 40 ಕೋಟಿಗೂ ಹೆಚ್ಚು ಖರ್ಚಾಗಿ, ನಾಲ್ಕರಲ್ಲಿ ಎರಡು ಹಂತ ಮಾತ್ರ ಕೈಗೆ ಬಂದಿತ್ತು. ಆಗ ಎಫ್‌ಬಿಐ ಕೆಲಸವನ್ನು ತಾನೇ ವಹಿಸಿಕೊಂಡಿತು. ಚಿಕ್ಕ ತಂಡ, ಎರಡು ವಾರದ ಸ್ಪ್ರಿಂಟು. ಹಾಗಂತ ಹಳೇ ಬೇಡಿಕೆ ಪಟ್ಟಿಯನ್ನು ಬೆಂಕಿಗೆ ಹಾಕಲಿಲ್ಲ. ಅದನ್ನೇ ಬಿಡಿಸಿ, ಯಾವುದು ಮೊದಲು ಅಂತ ಜೋಡಿಸಿಕೊಂಡರು. ಆ ಕ್ರಮ ಬದಲಾಯಿಸೋ ಅಧಿಕಾರ ಕೆಲಸ ಮಾಡುವವರ ಪಕ್ಕದಲ್ಲೇ ಕೂತಿತ್ತು. 2012ರ ಜುಲೈನಲ್ಲಿ ಅದು ಎಲ್ಲರ ಬಳಕೆಗೆ ಬಂತು.

ಮಡಿವಂತರು ಇಲ್ಲಿ ಚಪ್ಪಾಳೆ ತಟ್ಟೋಕೆ ಮುಂಚೆ ಇನ್ನೊಂದು ವಿಷಯ. ಅದು ಮುಗೀಬೇಕಿದ್ದದ್ದು 2011ರಲ್ಲಿ. ತಡ ಯಾಕಾಯ್ತು? 2011ರ ಅಕ್ಟೋಬರಿನಲ್ಲಿ ತುಂಬಾ ಜನರನ್ನು ಒಟ್ಟಿಗೆ ಬಳಸೋಕೆ ಬಿಟ್ಟು ಪರೀಕ್ಷೆ ಮಾಡಿದಾಗ ಸಿಸ್ಟಮ್ಮು ನಿಂತುಹೋಯ್ತು. ಹಳೇ ಹಾರ್ಡ್‌ವೇರು ಆ ಭಾರ ತಡೀಲಿಲ್ಲ, ಹೊಸದು ತರಿಸಬೇಕಾಯ್ತು. ಯಂತ್ರ ಎಷ್ಟು ದೊಡ್ಡದು ಬೇಕು ಅನ್ನೋದು ಪೈಪಿನ ಜಾತಿಗೆ ಸೇರಿದ್ದು, ಬಣ್ಣದ ಜಾತಿಗಲ್ಲ. ಸ್ಪ್ರಿಂಟಿನಲ್ಲಿ ಬೆಳೆಯೋದಲ್ಲ ಅದು, ಮೊದಲೇ ಕೂತು ಲೆಕ್ಕ ಹಾಕಬೇಕಾದದ್ದು.

ಕ್ಲೈಂಟಿನ ಪರವಾಗಿಯೂ ಮಾತಾಡಬೇಕು, ಇಲ್ಲದಿದ್ರೆ ಅನ್ಯಾಯ. 'ಎಷ್ಟು ದುಡ್ಡು, ಯಾವಾಗ ಮುಗಿಯುತ್ತೆ ಅಂತ ಹೇಳದೆ ನಾನು ಯಾಕೆ ನಿಮಗೆ ಕೆಲಸ ಕೊಡಲಿ?' ಅಂತ ಅವರು ಕೇಳೋದು ನ್ಯಾಯವೇ. ಸಾವಿರಾರು ಮೈಲಿ ಆಚೆ ಕೂತವರು ನಮ್ಮನ್ನು ನಂಬಿದ್ದೇ ಕಾಗದ ನೋಡಿ. 1990ರ ದಶಕದಲ್ಲಿ ಮೋಟೊರೋಲಾದ ಬೆಂಗಳೂರು ಘಟಕ ಸಿಎಂಎಂನ ಐದನೇ ಹಂತ ಮುಟ್ಟಿದಾಗ, ಜಗತ್ತಿನಲ್ಲೇ ಅಲ್ಲಿಗೆ ಮುಟ್ಟಿದವರು ಬೆರಳೆಣಿಕೆ. ಪ್ರಕ್ರಿಯೆ, ದಾಖಲೆ, ಸಹಿ ಅನ್ನೋ ಶಿಸ್ತಿನ ಮೇಲೆಯೇ ಈ ಊರಿನ ಎಷ್ಟೋ ಮನೆಗಳ ಇಎಂಐ ಕಟ್ಟಿದ್ದು. ನಾನು ಅದನ್ನು ಹಂಗಿಸೋನಲ್ಲ.

ಆದ್ರೆ ದರ, ದಿನಾಂಕ, ಪಟ್ಟಿ ಮೂರನ್ನೂ ಬಿಗಿದು ಕಟ್ಟಿದ ಮೇಲೆ ಅಜೈಲ್ ಅನ್ನೋ ಮಾತು ಬಾಯಿಗೆ ಬರಬಾರದು. ಮೂರರಲ್ಲಿ ಒಂದನ್ನಾದರೂ ಕಾಗದದ ಮೇಲೆ, ಸಹಿ ಸಮೇತ, ಸಡಿಲ ಬಿಡಬೇಕು. ದರ ದಿನಾಂಕ ನಿಂತಿರಲಿ, ಪಟ್ಟಿಯಲ್ಲಿ ಒಂದನ್ನು ತೆಗೆದು ಅಷ್ಟೇ ಗಾತ್ರದ ಇನ್ನೊಂದನ್ನು ಹಾಕೋಕೆ ಸಮಿತಿಯೂ ಬೇಡ, ದುಡ್ಡೂ ಬೇಡ ಅಂತ ಬರೆಯಬಹುದು. ಸ್ಕ್ರಮ್ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಜೆಫ್ ಸದರ್ಲೆಂಡ್ ಇಂಥ ಒಪ್ಪಂದವನ್ನು ಎಷ್ಟೋ ವರ್ಷದಿಂದ ಹೇಳಿಕೊಂಡು ಬಂದಿದ್ದಾರೆ. ಇದರಲ್ಲಿ ರಾಕೆಟ್ ವಿಜ್ಞಾನ ಏನಿಲ್ಲ, ಬಟ್ಟೆ ಅಂಗಡಿಯಲ್ಲಿ ಅದೇ ಬೆಲೆಯ ಬೇರೆ ಸೀರೆ ಬದಲಾಯಿಸಿಕೊಡ್ತಾರಲ್ಲ, ಅಷ್ಟೇ. ನಮ್ಮ ಸೇಲ್ಸಿನವರು ಇದನ್ನು ಯಾಕೆ ಕೇಳಲ್ಲ ಅಂದ್ರೆ, ಕೇಳಿದ್ರೆ ಪಕ್ಕದ ಕಂಪನಿ ಕೇಳದೇ ಕೆಲಸ ಎತ್ತಿಕೊಂಡು ಹೋಗುತ್ತೆ ಅನ್ನೋ ಭಯ. ಭಯ ನಿಜವೇ. ಅದರ ಬೆಲೆ ಕಟ್ಟೋದು ಮಾತ್ರ ಸೇಲ್ಸಿನವರಲ್ಲ, ಶನಿವಾರ ರಾತ್ರಿ ಹತ್ತು ಗಂಟೆಗೆ ಕ್ಯಾಂಟೀನಿನ ತಣ್ಣಗಿನ ಪಲಾವ್ ತಿನ್ನೋ ಹುಡುಗರು.

ವಿಮಾನ, ಆಸ್ಪತ್ರೆಯ ಯಂತ್ರ ಇಂಥವಕ್ಕೆ ಇದೆಲ್ಲ ಆಗಲ್ಲ ಅಂತ ಒಬ್ಬ ಗೆಳೆಯ ವಾದ ಮಾಡಿದ. ವೈದ್ಯಕೀಯ ಸಾಧನಗಳ ಸಾಫ್ಟ್‌ವೇರಿಗೆ ಇರೋ ಐಇಸಿ 62304 ಅನ್ನೋ ಮಾನದಂಡವೂ ಇದೇ ವಿಧಾನ ಬಳಸಿ ಅಂತ ಹೇಳಲ್ಲ ಕಣಯ್ಯ ಅಂದೆ. ಏನೇನು ಮಾಡಿದಿರಿ, ಹೇಗೆ ಪರೀಕ್ಷಿಸಿದಿರಿ ಅನ್ನೋದಕ್ಕೆ ಲೆಕ್ಕ ಕೊಡಿ ಅನ್ನುತ್ತೆ. ಅಲ್ಲೂ ಬೆರಕೆ ಆಗುತ್ತೆ. ಯೋಚಿಸಿ ಬೆರೆಸ್ತಾರೆ, ಅಷ್ಟೇ ವ್ಯತ್ಯಾಸ.

ಹೊಸ ಪ್ರಾಜೆಕ್ಟಿನ ಎರಡನೇ ಮೀಟಿಂಗು ಸೋಮವಾರ ಹನ್ನೊಂದಕ್ಕೆ. ಮೂರು ಪ್ರಶ್ನೆ ಚೀಟಿಯಲ್ಲಿ ಬರೆದು ಐಡಿ ಕಾರ್ಡಿನ ಹಿಂದೆ ಸಿಕ್ಕಿಸಿಕೊಂಡಿದ್ದೇನೆ. ದರ, ದಿನಾಂಕ, ಪಟ್ಟಿ, ಇದರಲ್ಲಿ ಯಾವುದು ಸಡಿಲ? ಡೆಮೊಗೆ ಬರೋರಲ್ಲಿ ಇದನ್ನು ದಿನಾ ಬಳಸೋರು ಯಾರು? ಮೋಲ್ಡ್ ಹಾಕೋಕೆ ಮುಂಚೆ ಇಡಬೇಕಾದ ಪೈಪುಗಳು ಯಾವುವು, ಅದಕ್ಕೆ ಎಷ್ಟು ವಾರ ಕೊಡ್ತೀರಿ? ಮೂರನೆಯದನ್ನು ಹೀಗೇ ಕೇಳಿದ್ರೆ ನಗ್ತಾರೆ, ಸ್ವಲ್ಪ ಇಂಗ್ಲಿಷ್ ಹಚ್ಚಬೇಕು.

ಆ ಹಾಸನದ ಹುಡುಗಿಗೆ ನಿನ್ನೆ ಮೆಸೇಜ್ ಮಾಡಿ ಚೀಟಿಯ ಫೋಟೋ ಕಳಿಸಿದೆ. ಈಗ ಬೇರೆ ಕಂಪನಿಯಲ್ಲಿ ಅವಳೇ ಲೀಡು. 'ನಾಲ್ಕನೆಯದು ಬಿಟ್ಟಿದ್ದೀರಿ ಸರ್. ಮೂರನೇ ತಿಂಗಳಲ್ಲಿ ಯಾರಾದ್ರೂ ಬಂದು ಅನುಮಾನ ಅಂದ್ರೆ ಯಾರ ಹತ್ರ ಕೇಳಬೇಕು ಅಂತ?' ಅಂತ ಉತ್ತರ ಬಂತು. ಚೀಟಿಯಲ್ಲಿ ಜಾಗ ಇರಲಿಲ್ಲ, ಹಿಂದುಗಡೆ ಬರ್ಕೊಂಡೆ.

ಸೋಮವಾರ ಏನಾಯ್ತು ಅಂತ ಮುಂದಿನ ವಾರ ಬರೀತೀನಿ. ಮಳೆ ಬಗ್ಗೆ ಅದಾದ ಮೇಲೆ.